ತುಪ್ಪ ಬಡಿಸುವ ಕೈ

ಮೊನ್ನೆ ಪೋರೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಬಲ ಮೊಣಕಾಲಿನ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಮೂಟ್ಟು ತೇಂಜು ಪೋಚ್ಚು ಸಾರ್," ಎಂದರು. ನಾನು ನಕ್ಕುಬಿಟ್ಟೆ. ಮೊಣಕಾಲಿನ ಸಂದು ತೇದುಹೋಗಿದೆ ಎಂದರೆ ಯಾರಾದರೂ ನಗುತ್ತಾರೆಯೇ? ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಜೊತೆಗೆ ಬಂದಿದ್ದ ಮೊಮ್ಮಗಳು, "ಎನ್ನ ತಾತಾ, ಎದುಕ್ಕು ಸಿರಿಕ್ಕಿರೀಂಗ?" ಎಂದಳು. ಏಕೆ ನಗುತ್ತೀಯ ಎಂದು ತಾತನನ್ನು ಕೇಳುವುದಕ್ಕೂ ಅವಳಿಗೆ ತಮಿಳೇ ಬೇಕು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಬೈದು ಬೈದು ನನಗೇ ಸಾಕಾಗಿದೆ. "ಮನೆಗೆ ಹೋದ್ಮೇಲೆ ಹೇಳ್ತೀನಿ, ಸುಮ್ನಿರೇ," ಎಂದೆ.

ಡಾಕ್ಟರ ಆ ಮಾತು ಕೇಳಿದೊಡನೆ ನನಗೆ ಒಬ್ಬರು ನೆನಪಾಗಿದ್ದರು. ನಲವತ್ತು ವರ್ಷಕ್ಕೂ ಹಿಂದೆ ಮದರಾಸಿನ ಪ್ಯಾರೀಸ್ ಕಾರ್ನರಿನ ಒಂದು ಉಡುಪಿ ಹೋಟೆಲಿನಲ್ಲಿ ನನಗೆ ಊಟ ಬಡಿಸುತ್ತಿದ್ದವರು. ಅವರಿಗೊಂದು ಒಳ್ಳೆಯ ಹೆಸರಿತ್ತು. ಆದರೆ ಯಜಮಾನರಿಂದ ಹಿಡಿದು ಎಲೆ ತೆಗೆಯುವವರವರೆಗೆ ಎಲ್ಲರೂ ಭಟ್ರು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ಆಗ ಟ್ರಾಮುಗಳು ನಿಂತುಹೋದ ಹೊಸತು. ನಾನು ಹಡಗಿನ ಕಂಪನಿಯೊಂದರಲ್ಲಿ ಸ್ಟೆನೋ. ತುಮಕೂರಿನ ಕಡೆಯಿಂದ ಬಂದವನು, ತಿರುವಲ್ಲಿಕ್ಕೇಣಿಯ ಒಂದು ಕೋಣೆಯಲ್ಲಿ ವಾಸ, ಮದುವೆಯಿಲ್ಲ, ಬಾಯಿಚಪಲ ಮಾತ್ರ ಬೇಕಾದಷ್ಟು. ಮಧ್ಯಾಹ್ನ ಗಂಟೆ ಹೊಡೆದದ್ದೇ ತಡ, ಟೈಪ್‌ರೈಟರಿನ ಮೇಲೆ ಮುಸುಕು ಎಳೆದು ಹೋಟೆಲಿಗೆ ಓಡುತ್ತಿದ್ದೆ. ಹಾಲ್ ತುಂಬ ಅಮೃತಶಿಲೆಯ ಮೇಜುಗಳು, ಮೇಜಿನ ಮೇಲೆ ಬಾಳೆಲೆ, ಎಲೆಗಳ ನಡುವೆ ಭಟ್ಟರು. ಆಳು ದಪ್ಪ. ಎಡಗೈಯಲ್ಲಿ ಸಾಂಬಾರಿನ ಬಕೆಟ್ಟು, ಬಲಗೈಯಲ್ಲಿ ಸೌಟು, ಹೆಗಲ ಮೇಲೆ ಕೆಂಪಂಚಿನ ಚೌಕ. ಅಷ್ಟು ಭಾರದ ಮನುಷ್ಯ ಮೇಜುಗಳ ಸಂದಿಯಲ್ಲಿ ಒಂದು ಕುರ್ಚಿಗೂ ತಾಗದೆ ಓಡಾಡುತ್ತಿದ್ದದ್ದನ್ನು ನೋಡುವುದೇ ಒಂದು ಚೆಂದ. ಒಂದು ತೊಟ್ಟು ಸಾಂಬಾರು ಯಾರ ಅಂಗಿಯ ಮೇಲೂ ಬಿದ್ದದ್ದು ನಾನು ಕಂಡಿಲ್ಲ.

"ಸಾಕು ಭಟ್ರೇ," ಎಂದು ನಾನು ಸಂಕೋಚಪಟ್ಟರೆ ಅವರು ನನ್ನ ಮುಖ ನೋಡುತ್ತಲೇ ಇರಲಿಲ್ಲ. ಎಲೆ ನೋಡಿ ಇನ್ನೊಂದು ಸೌಟು ಹಾಕಿಯೇ ಮುಂದೆ ಹೋಗುತ್ತಿದ್ದರು. ಒಮ್ಮೆ ಕೇಳಿದೆ, ಬೇಡ ಅಂದರೂ ಯಾಕ್ರೀ ಹಾಕ್ತೀರಿ ಅಂತ.

"ಬಡಿಸುವವ ಎಲೆ ನೋಡ್ಬೇಕು ರಾಯ್ರೇ, ಮುಖ ನೋಡ್ಬಾರ್ದು. ಮುಖ ಮರ್ಯಾದಿಗೆ ಸುಳ್ಳು ಹೇಳ್ತದೆ. ಎಲೆ ಎಂತಕ್ಕೆ ಹೇಳ್ತದೆ ಸುಳ್ಳು?"

ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆ. ಉಡುಪಿಯ ಹತ್ತಿರದ ಹಳ್ಳಿ. ಹುಡುಗನಾಗಿದ್ದಾಗ ಮಠವೊಂದರಲ್ಲಿ ಗಂಧ ತೇಯುವ ಕೆಲಸ. ಬೆಳಗಿನ ಜಾವ ಎದ್ದು ಸಾಣೆಕಲ್ಲಿನ ಮುಂದೆ ಕೂತರೆ ಬಟ್ಟಲು ತುಂಬುವವರೆಗೆ ಏಳುವಂತಿಲ್ಲ. ಮೀಸೆ ಮೂಡುವ ಮೊದಲೇ ಮದರಾಸಿಗೆ ಬಂದು ಈ ಹೋಟೆಲು ಸೇರಿದರು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿಲ್ಲ. ಹೋಟೆಲಿನ ಮಹಡಿಯಲ್ಲಿ ಕೆಲಸದವರ ಕೋಣೆ, ಅದರಲ್ಲೊಂದು ಟ್ರಂಕು, ಟ್ರಂಕಿನಲ್ಲಿ ಮಠದಿಂದ ತಂದ ಒಂದು ಗಂಧದ ಕೊರಡು. ಹಬ್ಬದ ದಿನ ಮಾತ್ರ ಅದನ್ನು ತೆಗೆದು ಒಂದೆರಡು ಸುತ್ತು ತೇದು ಹಣೆಗಿಟ್ಟುಕೊಂಡು ಮತ್ತೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ದಿನಾ ಯಾಕೆ ಹಚ್ಚಬಾರದು ಎಂದರೆ, "ಮುಗಿದ್ರೆ ಮತ್ತೆ ಎಲ್ಲುಂಟು?" ಎನ್ನುತ್ತಿದ್ದರು.

ನೋವು ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ. ನಾನು ಗಮನಿಸುವ ಹೊತ್ತಿಗೆ ಭಟ್ಟರು ಮೇಜಿನ ಅಂಚಿಗೆ ಕೈಯೂರಿ ಒಂದು ಗಳಿಗೆ ನಿಲ್ಲತೊಡಗಿದ್ದರು. ಮಹಡಿ ಮೆಟ್ಟಿಲು ಇಳಿಯುವಾಗ ಬಲಗಾಲನ್ನು ಮೊದಲು ಇಳಿಸಿ, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಪುಟ್ಟ ಮಗುವಿನ ಹಾಗೆ ಇಳಿಯುತ್ತಿದ್ದರು. ಕೂತವರು ಏಳುವಾಗ ಮೊಣಕಾಲು ಕಟಕಟ ಎನ್ನುತ್ತಿತ್ತು. ಅಡುಗೆಮನೆಯವರೆಲ್ಲ ವಾತ ಎಂದು ತೀರ್ಮಾನ ಮಾಡಿ ಎಣ್ಣೆ ಕಾಯಿಸಿ ತಿಕ್ಕಿದರು. ಕೊನೆಗೆ ಯಜಮಾನರೇ ಬೈದು ದೊಡ್ಡಾಸ್ಪತ್ರೆಗೆ ಅಟ್ಟಿದರು.

ಮರುದಿನ ಭಟ್ಟರು ಊಟದ ಹಾಲಿನಲ್ಲಿ ಕಾಣಲಿಲ್ಲ. ಅದರ ಮರುದಿನವೂ ಇಲ್ಲ. ಹೊಸಬನೊಬ್ಬ ಸಾಂಬಾರು ತಂದು ನನ್ನ ಅನ್ನವನ್ನೂ ಅಂಗಿಯ ತೋಳನ್ನೂ ಒಟ್ಟಿಗೆ ನೆನೆಸಿದ. ನನಗೆ ರೇಗಿತು. ಕೈ ತೊಳೆದು ನೇರ ಅಡುಗೆಮನೆಗೆ ನುಗ್ಗಿದೆ. ಭಟ್ಟರು ನೆಲದ ಮೇಲೆ ಮೆಟ್ಟುಕತ್ತಿಯ ಮುಂದೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದರು. ನಾವು ಈಳಿಗೆಮಣೆ ಎನ್ನುವುದಕ್ಕೆ ಅವರ ಕಡೆ ಮೆಟ್ಟುಕತ್ತಿ ಎನ್ನುತ್ತಾರೆ. ಎಡಗಾಲಿನಿಂದ ಮಣೆ ಮೆಟ್ಟಿಕೊಂಡು ಬಲಗಾಲು ಪೂರ್ತಿ ಮಡಿಸಿ ಕೂತಿದ್ದರು.

"ಇದೇನ್ರೀ ಭಟ್ರೇ, ಇಲ್ಲಿ ಕೂತಿದೀರಿ?"

"ಇನ್ನು ಇಲ್ಲೇ ರಾಯ್ರೇ. ಡಾಕ್ಟ್ರು ಹೇಳಿದ್ರು, ತೇಂಜು ಪೋಚ್ಚು ಅಂತ. ತೇದು ಹೋಗಿದೆಯಂತೆ."

"ಅದಕ್ಕೆ?"

ಅವರು ಕುಂಬಳಕಾಯಿ ಕೆಳಗಿಟ್ಟು ನನ್ನನ್ನು ಕರುಣೆಯಿಂದ ನೋಡಿದರು. ಸ್ಟೆನೋಗೆ ಇಷ್ಟೂ ತಿಳಿಯದೇ ಎನ್ನುವ ಹಾಗಿತ್ತು ಆ ನೋಟ. "ಅದಕ್ಕೆಂತ ದೊಡ್ಡ ವಿದ್ಯೆ ಬೇಕಾ? ನಾನು ಗಂಧ ತೇದವ. ಕೊರಡು ತೇದಷ್ಟೂ ಸಣ್ಣ ಆಗ್ತದೆ. ತೇಯದಿದ್ರೆ ಉಳೀತದೆ. ಇಷ್ಟು ವರ್ಷ ಹಾಲಲ್ಲಿ ನಡ್ದು ನಡ್ದು ಮೊಣಗಂಟು ತೇದಾಯ್ತು. ಇನ್ನು ಉಳಿದದ್ದನ್ನಾದ್ರೂ ಇಟ್ಕೊಳ್ಬೇಕಲ್ವಾ? ಕೂತಲ್ಲೇ ಮಾಡುವ ಕೆಲಸ ಕೊಡಿ ಅಂತ ಯಜಮಾನ್ರ ಹತ್ರ ಕೇಳಿಕೊಂಡೆ."

ಆ ದೊಡ್ಡಾಸ್ಪತ್ರೆಯ ಡಾಕ್ಟರು ಇನ್ನೂ ನಾಲ್ಕು ಮಾತು ಹೇಳಿದ್ದಿರಬೇಕು. ಹೇಗೆ ನಡೆಯಬೇಕು, ಏನು ಮಾಡಬೇಕು ಎಂದೆಲ್ಲ. ಆದರೆ ಭಟ್ಟರ ತಮಿಳು ಇಡ್ಲಿ, ವಡೆ, ಸಾದಂ, ಮೋರುಗಳ ಆಚೆ ಹೋಗುತ್ತಿರಲಿಲ್ಲ. ಅಷ್ಟು ಮಾತಿನಲ್ಲಿ ಅವರಿಗೆ ಚೆನ್ನಾಗಿ ತಿಳಿದದ್ದು ಇದೊಂದೇ, ಅದೂ ನಮ್ಮ ತೇಯುವುದಕ್ಕೂ ತಮಿಳರ ತೇಯುವುದಕ್ಕೂ ಬೇರು ಒಂದೇ ಆದದ್ದರಿಂದ. ಬೇರೆ ಯಾವುದಾದರೂ ಮಾತು ಹೇಳಿದ್ದರೆ ಅವರಿಗೆ ಗಂಧದ ಕೊರಡು ನೆನಪಾಗುತ್ತಿರಲಿಲ್ಲ, ಈ ಎಡವಟ್ಟೂ ಆಗುತ್ತಿರಲಿಲ್ಲ. ಅವರು ಹೇಳಿದ್ದು ಆವತ್ತು ನನಗೂ ಸರಿಯೆನ್ನಿಸಿತು. ನಿಜ ಹೇಳಬೇಕೆಂದರೆ ಯಾರಿಗಾದರೂ ಸರಿಯೆನ್ನಿಸುವಂಥ ಮಾತೇ ಅದು.

ಹೀಗೆ ಮೊಣಕಾಲು ಉಳಿಸುವ ವ್ರತ ಶುರುವಾಯಿತು. ಭಟ್ಟರು ನಡೆಯುವುದನ್ನು ಬಿಟ್ಟರು. ಬೀಚಿನ ಕಡೆ ಸಂಜೆ ಹೋಗುತ್ತಿದ್ದವರು ಅದನ್ನೂ ಬಿಟ್ಟರು. ಬೆಳಿಗ್ಗೆ ಮಹಡಿಯಿಂದ ಇಳಿದರೆ ಕೆಲಸ ಮುಗಿಯುವವರೆಗೆ ಮಣೆ ಬಿಟ್ಟು ಏಳುತ್ತಿರಲಿಲ್ಲ. ಎದ್ದಾಗ ಕಾಲು ನೆಟ್ಟಗಾಗುತ್ತಿರಲಿಲ್ಲ, ಇಬ್ಬರು ಹಿಡಿದು ಎತ್ತಬೇಕಾಗುತ್ತಿತ್ತು. ಹೊಟ್ಟೆ ಬೆಳೆಯಿತು, ತೊಡೆ ಸೊರಗಿತು. ನೋವು ಹೆಚ್ಚಾದಷ್ಟೂ, ಓಹೋ ಇನ್ನೂ ತೇಯುತ್ತಿದೆ ಎಂದುಕೊಂಡು ಮತ್ತಷ್ಟು ಅಲುಗಾಡದೆ ಕೂತರು. ಪಾಪ, ಅಷ್ಟು ಶ್ರದ್ಧೆಯಿಂದ ಯಾರೂ ತಮ್ಮ ಕಾಲನ್ನು ಹಾಳುಮಾಡಿಕೊಂಡಿರಲಾರರು.

ಅಡುಗೆಮನೆಯಲ್ಲಿ ಅವರಿಗೆ ಮನಸ್ಸು ನಿಲ್ಲಲಿಲ್ಲ. ಹಾಲಿನ ಗದ್ದಲ ಗೋಡೆಯಾಚೆಯಿಂದ ಕೇಳುತ್ತಿತ್ತು. ಯಾರಾದರೂ "ಸಾಂಬಾರ್!" ಎಂದು ಕೂಗಿದರೆ ಕತ್ತು ಆ ಕಡೆ ತಿರುಗುತ್ತಿತ್ತು. ಪಲ್ಲಾವರದ ಸಂತೆಗೆ ಹೋಗಿದ್ದ ಅಡುಗೆಯವರೊಬ್ಬರು ಅವರಿಗೊಂದು ಬೆತ್ತದ ಕೋಲು ತಂದುಕೊಟ್ಟರು. ಕೃಷ್ಣಾಷ್ಟಮಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಾಲಿನಲ್ಲಿ ವಿಪರೀತ ಜನ. ಬಡಿಸುವವರು ಸಾಲಲಿಲ್ಲ. ಭಟ್ಟರು ತಡೆಯಲಾರದೆ ಎದ್ದು ಬಂದರು. ನೋಯುವ ಬಲಗಾಲಿಗೆ ಆಸರೆಯಾಗಲಿ ಎಂದು ಕೋಲು ಬಲಗೈಯಲ್ಲಿ, ಮಜ್ಜಿಗೆಯ ಚೊಂಬು ಎಡಗೈಯಲ್ಲಿ. ಮೂಲೆಯ ಮೇಜಿನಲ್ಲಿ ದಿನಾ ಊಟಕ್ಕೆ ಬರುವ ಮುದುಕರೊಬ್ಬರಿದ್ದರು. ಭಟ್ಟರು ಅವರ ಎಲೆಗೆ ಮಜ್ಜಿಗೆ ಬಗ್ಗಿಸಿದರು.

"ಎಡಗೈಲಿ ಬಡಿಸ್ತೀರೇನ್ರೀ?" ಎಂದರು ಮುದುಕರು. ಅಷ್ಟೇ ಅಂದದ್ದು. ಎಲೆ ಮಡಿಸಿ ಅರ್ಧ ಊಟಕ್ಕೇ ಎದ್ದುಬಿಟ್ಟರು.

ಭಟ್ಟರು ಚೊಂಬು ಹಿಡಿದುಕೊಂಡು ಆ ಮಡಿಸಿದ ಎಲೆಯನ್ನೇ ನೋಡುತ್ತ ನಿಂತಿದ್ದರು. ಜೀವಮಾನದಲ್ಲಿ ಅವರ ಕೈಯಿಂದ ಬಡಿಸಿಕೊಂಡವರು ಯಾರೂ ಹಾಗೆ ಎದ್ದದ್ದಿಲ್ಲ. ಮುದುಕರ ಮೇಲೆ ನನಗೆ ಸಿಟ್ಟು ಬಂತು. ಆದರೆ ಅವರದ್ದೂ ತಪ್ಪು ಎನ್ನುವ ಹಾಗಿರಲಿಲ್ಲ, ಆ ಕಾಲದ ನಡೆ ಹಾಗಿತ್ತು.

ಸಂಜೆ ಯಜಮಾನರು ಭಟ್ಟರನ್ನು ಕರೆದರು. ಯಜಮಾನರು ಒರಟರಲ್ಲ. ಗಲ್ಲಾದಲ್ಲಿ ಕೂತು ಎಲ್ಲವನ್ನೂ ನೋಡುತ್ತ, ಕಡಿಮೆ ಮಾತಾಡುವ ಮನುಷ್ಯ. ನಾನು ಕಾಫಿಗೆ ಬಂದವನು ಪಕ್ಕದಲ್ಲೇ ಇದ್ದೆ.

"ಭಟ್ರೇ, ದೀಪಾವಳಿ ಕಳೀಲಿ. ಆಮೇಲೆ ನೀವು ಊರಿಗೆ ಹೋಗಿ. ಬರಿಗೈಯಲ್ಲಿ ಕಳಿಸುದಿಲ್ಲ. ದುಡಿದದ್ದು ಸಾಕು, ಇನ್ನು ಆರಾಮ ಮಾಡಿ."

ಭಟ್ಟರು "ಆಯ್ತು ಯಜಮಾನ್ರೇ" ಎಂದು ತಲೆ ಅಲ್ಲಾಡಿಸಿದರು. ಹೊರಗೆ ಬಂದು ಜಗಲಿಯ ಕಂಬ ಹಿಡಿದು ನಿಂತರು. ನಾನು ಏನೋ ಸಮಾಧಾನ ಹೇಳಹೋದೆ. ಊರು, ಬಂಧುಬಳಗ, ಒಳ್ಳೆಯ ಗಾಳಿ ಎಂದೆಲ್ಲ. ಅವರು ನನ್ನನ್ನು ತಡೆದರು.

"ಊರಲ್ಲಿ ನನ್ನ ಗುರ್ತ ಯಾರಿಗುಂಟು ರಾಯ್ರೇ? ಅಣ್ಣನ ಮಕ್ಕಳುಂಟು, ಒಳ್ಳೇವ್ರು. ಅವ್ರ ಮನೆಯಲ್ಲಿ ಕೂತು, ಹೊತ್ತಿಗೆ ಸರಿಯಾಗಿ ಅವ್ರು ಬಡಿಸಿದ್ದನ್ನು ಉಣ್ಣುದು. ಸಾಯುವವರೆಗೆ ಅದೇ. ನಾನು ಬಡಿಸುವವ ಮಾರಾಯ್ರೆ. ನಂಗೆ ಕೂತು ಉಂಡು ಗೊತ್ತಿಲ್ಲ." ಕಣ್ಣು ಒದ್ದೆಯಾಗಿತ್ತು. ಚೌಕದಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಆ ಹೋಟೆಲಿಗೆ ವಾರಕ್ಕೆರಡು ಸಲ ಬರುತ್ತಿದ್ದ ಮೂಳೆ ಡಾಕ್ಟರೊಬ್ಬರಿದ್ದರು. ವೃತ್ತಿಯಿಂದ ನಿವೃತ್ತರು, ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ವೈಷ್ಣವ ಮನೆತನ. ಮನೆಮಾತು ಕನ್ನಡವೇ, ಆದರೆ ಅದರಲ್ಲಿ ಅರ್ಧ ತಮಿಳು, ಕಾಲು ಇಂಗ್ಲಿಷು. ಮಗನ ಮನೆಗೆಂದು ಡೆಲ್ಲಿಗೆ ಹೋಗಿದ್ದವರು ಆಗಷ್ಟೇ ಹಿಂದಿರುಗಿದ್ದರು. ಎಲೆಯ ಮುಂದೆ ಕೂತವರೇ ಸುತ್ತ ನೋಡಿದರು.

"ಎಲ್ಲಿ ನಮ್ಮ ಭಟ್ಟರು?"

ನಾನು ಎದುರಿಗೇ ಇದ್ದೆ. ನಡೆದದ್ದನ್ನೆಲ್ಲ ಹೇಳಿದೆ. ಗಂಧದ ಕೊರಡಿನ ಮಾತಿಗೆ ಬರುವಷ್ಟರಲ್ಲಿ ಅವರು ಅನ್ನ ಕಲಸುವುದನ್ನು ನಿಲ್ಲಿಸಿದ್ದರು. ಬೇಗ ಬೇಗ ಊಟ ಮುಗಿಸಿ, "ಬನ್ನಿ, ನೋಡೋಣ," ಎಂದು ಅಡುಗೆಮನೆಗೆ ನಡೆದರು. ನಾನೂ ಹಿಂದೆ ಹೋದೆ. ಆಫೀಸಿಗೆ ತಡವಾದರೆ ಆಗಲಿ ಎಂದುಕೊಂಡೆ.

ಭಟ್ಟರು ಮೆಟ್ಟುಕತ್ತಿಯ ಮುಂದೆ ಎಂದಿನಂತೆ ಕಾಲು ಮಡಿಸಿ ಕೂತಿದ್ದರು. ಡಾಕ್ಟರು ಕೈ ಸೊಂಟದ ಮೇಲಿಟ್ಟುಕೊಂಡು, "ಅಯ್ಯೋ ಪೆರುಮಾಳೇ! ಮೊದಲು ಅಲ್ಲಿಂದ ಏಳಿ," ಎಂದರು. ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು. ಮೊಣಕಾಲನ್ನು ಒತ್ತಿ ನೋಡಿದರು, ಮಡಿಸಿ ಬಿಡಿಸಿದರು, ಅಂಗೈಯಿಟ್ಟು ಅದರ ಕಟಕಟ ಕೇಳಿದರು.

"ಬೆಳಿಗ್ಗೆ ಎದ್ದಾಗ ಹಿಡ್ಕೊಂಡಿರುತ್ತಲ್ಲ, ಎಷ್ಟು ಹೊತ್ತು?"

"ಒಂದು ಕಾಫಿ ಕುಡಿಯುವಷ್ಟು. ಆಮೇಲೆ ಸ್ವಲ್ಪ ಸಡಿಲ ಆಗ್ತದೆ."

"ಕೈಬೆರಳು ಬಾವು, ಜ್ವರ, ಏನಾದ್ರೂ?"

"ಎಂತ ಇಲ್ಲ."

"ಸರಿ. ಮೈಯೆಲ್ಲ ಹಿಡಿಯೋ ವಾತ ಅಲ್ಲ ಇದು. ವಯಸ್ಸು, ಭಾರ, ದಿನಾ ಪೂರ್ತಿ ನಿಂತಿದ್ದು, ಎಲ್ಲ ಸೇರಿ ಸಂದು ಸವೆದಿರೋದು. ತೇಂಜಿರುಕ್ಕು, ಅದು ನಿಜ. ಆನಾ ನೀವು ಮಾಡ್ತಿರೋದು ಪೂರಾ ತಪ್ಪು." ಎರಡೂ ತೊಡೆಗಳ ಮೇಲೆ ಕೈಯಿಟ್ಟು ತೋರಿಸಿದರು. "ನೋಡಿ, ಬಲ ತೊಡೆ ಹೇಗೆ ಇಳಿದುಹೋಗಿದೆ. ಮೊಣಕಾಲನ್ನ ಎತ್ತಿ ಹಿಡಿಯೋದು ಈ ತೊಡೆ. ಕೆಲಸ ಕೊಡದೆ ಕೂತು ಕೂತು ಇದನ್ನ ಒಣಗಿಸಿದ್ರಿ. ಈಗ ನಿಮ್ಮ ಭಾರವೆಲ್ಲ ಸಂದಿನ ಮೇಲೇ."

ಭಟ್ಟರು ಒಪ್ಪಲಿಲ್ಲ. ತೇದದ್ದು ಮತ್ತೆ ತೇಯಬಾರದಲ್ಲ ಎಂದರು, ಕೊರಡಿನ ಲೆಕ್ಕ ಇನ್ನೊಮ್ಮೆ ವಿವರವಾಗಿ ಹೇಳಿದರು. ಡಾಕ್ಟರು ತಾಳ್ಮೆಯಿಂದ ಪೂರ್ತಿ ಕೇಳಿದರು.

"ಭಟ್ಟರೇ, ಕೊರಡು ಸತ್ತ ಮರ. ಅದನ್ನ ಕಟ್ಟಿಟ್ಟರೆ ಹಾಗೇ ಇರುತ್ತೆ. ನಿಮ್ಮ ಮೊಣಕಾಲು ಬದುಕಿದೆ. ಅದಕ್ಕೆ ಸಿಗೋ ಆಹಾರ ಅದರ ಒಳಗಿನ ನೀರಿನಿಂದ. ಕಾಲು ಆಡಿದ್ರೆ ಆ ನೀರು ಓಡಾಡುತ್ತೆ. ಆಡದಿದ್ರೆ ಸಂದು ಉಪವಾಸ. ನೀವು ಅದಕ್ಕೆ ಅನ್ನ ಹಾಕದೆ ಕೂರಿಸಿದೀರಿ."

ಬಡಿಸುವವರಿಗೆ ಈ ಮಾತು ನಾಟಿತು. ಭಟ್ಟರು ತಮ್ಮ ಮೊಣಕಾಲನ್ನೇ ನೋಡಿದರು. ಹಸಿದವನನ್ನು ಎಲೆಯ ಮುಂದೆ ಕಾಯಿಸಿದ್ದೇನೆ ಎಂಬ ಮುಖಭಾವವಿತ್ತು. "ಹಾಗಾದ್ರೆ ಇದು ವಾಸಿ ಆಗ್ತದಾ?" ಎಂದರು.

"ಇಲ್ಲ. ಸುಳ್ಳು ಹೇಳಲ್ಲ. ಸವೆದದ್ದು ಹಿಂದೆ ಬರಲ್ಲ. ಒಂದು ದಿವಸ ಕಡಿಮೆ, ಒಂದು ದಿವಸ ಜಾಸ್ತಿ, ಜೊತೆಯಲ್ಲೇ ಇರುತ್ತೆ. ಆನಾ ಇದನ್ನ ಇಟ್ಕೊಂಡೇ ನಡೀಬಹುದು. ಎಷ್ಟೋ ಜನ ನಡೀತಿದಾರೆ."

ಆಮೇಲೆ ಅವರು ಒಂದೊಂದಾಗಿ ಹೇಳಿದರು. ನೆಲದ ಮೇಲೆ ಕೂರಬಾರದು, ಮೆಟ್ಟುಕತ್ತಿಗೆ ಇವತ್ತೇ ನಮಸ್ಕಾರ. ಕುರ್ಚಿಯಲ್ಲಿ ಕೂತು ಕಾಲನ್ನು ಎದುರಿಗೆ ನೆಟ್ಟಗೆ ಚಾಚಿ, ತೊಡೆ ಬಿಗಿ ಹಿಡಿದು, ನಿಧಾನ ಇಳಿಸಬೇಕು. ಎಷ್ಟು ಹೊತ್ತು ಹಿಡಿಯಬೇಕು ಎಂದು ಭಟ್ಟರು ಕೇಳಿದಾಗ, "ಸಂಧ್ಯಾವಂದನೆ ಮಾಡ್ತೀರಲ್ಲ? ಕೇಶವನಿಂದ ದಾಮೋದರನವರೆಗೆ ಹನ್ನೆರಡು ಹೆಸರೂ ಹೇಳಿ. ಅವಸರ ಮಾಡದೆ," ಎಂದರು. ಎಣ್ಣೆ ತಿಕ್ಕಿಕೊಂಡರೆ ಸುಖವಾಗುತ್ತದೆ, ಆದರೆ ಅದರಿಂದ ಸಂದು ಬೆಳೆಯುವುದಿಲ್ಲ. ನೋವು ಜಾಸ್ತಿಯಾದ ದಿನ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಾವು ಕೊಡಬೇಕು. ಸ್ವಲ್ಪ ನಡೆಯಬೇಕು, ಸ್ವಲ್ಪ ಕೂರಬೇಕು, ಮತ್ತೆ ನಡೆಯಬೇಕು. ಕೊನೆಗೆ ಭಟ್ಟರ ಹೊಟ್ಟೆಯ ಮೇಲೆ ಬೆರಳಿಟ್ಟು, "ಇದನ್ನ ಇಳಿಸಿ. ತುಪ್ಪ ಬಿಡಿ, ಎರಡನೇ ಸಲ ಅನ್ನ ಬಿಡಿ," ಎಂದರು. ಅಡುಗೆಮನೆಯವರೆಲ್ಲ ಗೊಳ್ಳೆಂದು ನಕ್ಕರು. ಭಟ್ಟರೂ ನಕ್ಕರು, ಆದರೆ ಸ್ವಲ್ಪ ಬೇಜಾರಿನಿಂದ.

ಎಲ್ಲ ಮುಗಿಯಿತು ಎಂದುಕೊಂಡು ಭಟ್ಟರು ಕೋಲು ತೆಗೆದುಕೊಂಡು ಎದ್ದರು. ಬಲಗೈಯಲ್ಲಿ ಊರಿದರು. ಡಾಕ್ಟರು ತಕ್ಷಣ, "ಆ ಕೈಯಲ್ಲ," ಎಂದರು.

"ನೋವು ಬಲಗಾಲಲ್ಲಿ ಅಲ್ವಾ ಡಾಕ್ಟ್ರೇ?"

"ಹೌದು. ಕೋಲು ಬಿಟ್ಟು ಎರಡು ಹೆಜ್ಜೆ ಇಡಿ ನೋಡೋಣ, ಇವರನ್ನ ಹಿಡ್ಕೊಂಡು. ಬಲಗಾಲು ಮುಂದೆ ಹೋದಾಗ ಯಾವ ಕೈ ಮುಂದೆ ಹೋಗುತ್ತೆ?"

ಭಟ್ಟರು ನನ್ನ ಭುಜ ಹಿಡಿದು ನಡೆದರು. ಕೆಳಗೆ ನೋಡಿದರು. "ಎಡಗೈ," ಎಂದರು ಆಶ್ಚರ್ಯದಿಂದ. ಇಷ್ಟು ವರ್ಷ ನಡೆದ ಮನುಷ್ಯ ಅದನ್ನು ನೋಡಿಕೊಂಡೇ ಇರಲಿಲ್ಲ. ನಾನೂ ನೋಡಿಕೊಂಡಿರಲಿಲ್ಲ ಎನ್ನಿ.

"ಆ ಕೈಗೆ ಕೋಲು ಕೊಡಿ. ಬಲಗಾಲೂ ಕೋಲೂ ಒಟ್ಟಿಗೆ ಊರಬೇಕು. ಆಗ ಭಾರ ಆ ಕಡೆ ಹಂಚಿಹೋಗುತ್ತೆ."

ಭಟ್ಟರು ಕೋಲನ್ನು ಎಡಗೈಗೆ ಬದಲಾಯಿಸಿಕೊಂಡರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಒಲೆಯವರೆಗೆ ಹೋಗಿ ತಿರುಗಿ ಬಂದರು. ನೋವು ಕಡಿಮೆಯಾಯಿತೇ ಎಂದು ಡಾಕ್ಟರು ಕೇಳಿದ್ದು ಅವರಿಗೆ ಕೇಳಿಸಲಿಲ್ಲ. ತಮ್ಮ ಬಲಗೈಯನ್ನು ಎತ್ತಿ ಹಿಡಿದು ನೋಡುತ್ತಿದ್ದರು. ಅದು ಖಾಲಿಯಿತ್ತು.

"ರಾಯ್ರೇ," ಎಂದರು. "ಬಲಗೈ ಬಿಡುವಾಯ್ತಲ್ಲ ಮಾರಾಯ್ರೆ!"

ಬಕೆಟ್ಟು ಸೌಟುಗಳಿಗೆ ಎರಡು ಕೈ ಬೇಕು. ಪಲ್ಯಕ್ಕೂ ಎರಡು ಕೈ ಬೇಕು. ಒಂದೇ ಕೈಯಲ್ಲಿ ಬಡಿಸಬಹುದಾದದ್ದು ಏನಿದೆ? ಭಟ್ಟರಿಗೆ ಯೋಚಿಸಬೇಕಾಗಿಯೇ ಬರಲಿಲ್ಲ. ನೇರ ಗೂಡಿನ ಹತ್ತಿರ ಹೋಗಿ ತುಪ್ಪದ ಗಿಂಡಿ ಇಳಿಸಿಕೊಂಡರು. ಹಿತ್ತಾಳೆಯದು, ಸಣ್ಣ ಮೂತಿ, ಬಗ್ಗಿಸಿದರೆ ನೂಲಿನಂಥ ಧಾರೆ ಬರುತ್ತಿತ್ತು. ಅನ್ನ ತೊವ್ವೆ ಬಿದ್ದ ಮೇಲೆ ತುಪ್ಪ ಬರದೆ ಯಾರೂ ಊಟಕ್ಕೆ ಕೈಹಾಕುವುದಿಲ್ಲ. ಡಾಕ್ಟರು ನನ್ನ ಬೆನ್ನು ತಟ್ಟಿ ಹೊರಟುಹೋದರು.

ಅಲ್ಲಿಂದ ದೀಪಾವಳಿಯವರೆಗೆ ಭಟ್ಟರು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೊದಮೊದಲು ಕಾಲು ಚಾಚಿದರೆ ಮೂರನೆಯ ಹೆಸರು ಮಾಧವನ ಹತ್ತಿರವೇ ನಡುಗಿ ಬಿದ್ದುಹೋಗುತ್ತಿತ್ತು. ಕೆಲವು ದಿನ ನೋವು ಹೆಚ್ಚಾಗಿ, ಈ ಡಾಕ್ಟರು ನನ್ನನ್ನು ಪೂರ್ತಿ ತೇದೇ ಬಿಡುತ್ತಾರೆ ಎಂದು ಗೊಣಗುತ್ತ ಮಹಡಿಯಲ್ಲೇ ಮಲಗಿಬಿಡುತ್ತಿದ್ದರು. ಆಮೇಲೆ ಎದ್ದು ಮತ್ತೆ ಚಾಚುತ್ತಿದ್ದರು. ದಾಮೋದರ ಮುಟ್ಟಿದ ದಿನ ಆಫೀಸಿನಿಂದ ಬಂದ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಾಲೆತ್ತಿ ತೋರಿಸಿದರು. ಯಜಮಾನರು ಇದನ್ನೆಲ್ಲ ಗಲ್ಲಾದಿಂದ ನೋಡುತ್ತಿದ್ದರು. ಆದರೆ ಊರಿಗೆ ಕಳಿಸುವ ಮಾತನ್ನು ಹಿಂದೆ ತೆಗೆದುಕೊಂಡಿರಲಿಲ್ಲ.

ಹಬ್ಬಕ್ಕೆ ಸ್ವಲ್ಪ ಮೊದಲು ಒಂದು ಮಧ್ಯಾಹ್ನ ಭಟ್ಟರು ಯಾರನ್ನೂ ಕೇಳದೆ ಹಾಲಿಗೆ ಬಂದರು. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಗಿಂಡಿ, ಹೆಗಲ ಮೇಲೆ ಅದೇ ಕೆಂಪಂಚು. ಹೆಜ್ಜೆ ನಿಧಾನ. ಒಂದು ಮೇಜಿನಿಂದ ಇನ್ನೊಂದಕ್ಕೆ ಬರುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಯಾರೂ ಗೊಣಗಲಿಲ್ಲ. ಮೂಲೆಯ ಮೇಜಿನ ಮುದುಕರ ಹತ್ತಿರ ಬಂದಾಗ ನಾನು ಕಲಸಿದ ಅನ್ನ ಬಿಟ್ಟು ಅತ್ತ ನೋಡಿದೆ. ಮುದುಕರು ಕೋಲನ್ನು ನೋಡಿದರು, ಗಿಂಡಿ ಹಿಡಿದ ಕೈಯನ್ನು ನೋಡಿದರು. ಅನ್ನದ ನಡುವೆ ಬೆರಳಿನಿಂದ ಒಂದು ಗುಳಿ ಮಾಡಿದರು. ಭಟ್ಟರು ಅದನ್ನು ತುಂಬಿಸಿದರು.

ಯಜಮಾನರು ಯಾವಾಗಲೂ ಕಡೆಗೆ, ಜನ ಕಡಿಮೆಯಾದ ಮೇಲೆ ಊಟಕ್ಕೆ ಕೂರುತ್ತಿದ್ದರು. ತುಪ್ಪ ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಅವರ ರೂಢಿ. ಊರಿಗೆಲ್ಲ ತುಪ್ಪ ಹಾಕಿಸುವ ಮನುಷ್ಯ ತಾನು ಮುಟ್ಟುತ್ತಿರಲಿಲ್ಲ. ಆವತ್ತೂ ಕೈ ಅಡ್ಡ ಬಂತು. ಭಟ್ಟರು ಮುಂದೆ ಹೋಗಲಿಲ್ಲ. ಗಿಂಡಿ ಹಿಡಿದು ಎಲೆಯನ್ನೇ ನೋಡುತ್ತ ನಿಂತರು. ಯಜಮಾನರು ಮೆಲ್ಲನೆ ತಲೆಯೆತ್ತಿ ಕೋಲನ್ನೂ ಕಾಲನ್ನೂ ನೋಡಿದರು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ತುಪ್ಪದ ಧಾರೆ ಅನ್ನದ ಮೇಲೆ ಬಿತ್ತು.

"ಎಲ್ರಿಗೂ ಆಯ್ತಾ?" ಎಂದರು ಯಜಮಾನರು.

"ಆಯ್ತು. ನೀವೇ ಕೊನೆ."

"ನಾಳೆಯಿಂದ ಸ್ವಲ್ಪ ಬೇಗ ಶುರು ಮಾಡಿ. ನಿಮ್ಮ ನಡಿಗೆಯಲ್ಲಿ ಮೂಲೆ ಮೇಜಿಗೆ ತುಪ್ಪ ಬರುವಾಗ ಅನ್ನ ತಣಿದಿರ್ತದೆ."

ಊರಿನ ಮಾತು ಅಲ್ಲಿಗೆ ಮುಗಿಯಿತು. ಭಟ್ಟರು ಅಡುಗೆಮನೆಗೆ ಹೋಗಿ ಗಿಂಡಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತು ಅತ್ತರು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಆಮೇಲೆ ಬಹಳ ವರ್ಷ ಅವರು ಆ ಹಾಲಿನಲ್ಲಿ ತುಪ್ಪ ಬಡಿಸಿದರು. ಕಂಬದ ಪಕ್ಕ ಅವರಿಗೊಂದು ಎತ್ತರದ ಸ್ಟೂಲು ಬಂತು. ಒಂದು ಸಾಲು ಬಡಿಸಿ ಒಂದು ಗಳಿಗೆ ಕೂರುತ್ತಿದ್ದರು. ದೀಪಾವಳಿಯ ಹೊತ್ತಿನ ಐಪ್ಪಸಿ ತಿಂಗಳ ಮಳೆ ಶುರುವಾದರೆ ಮೊಣಕಾಲು ಹಟ ಹಿಡಿಯುತ್ತಿತ್ತು, ಆಗ ಬಿಸಿನೀರಿನ ಬಟ್ಟೆ ಸುತ್ತಿಕೊಂಡೇ ಬರುತ್ತಿದ್ದರು. ತಾವು ಮಾತ್ರ ತುಪ್ಪ ಮುಟ್ಟಲಿಲ್ಲ. ಹೊಟ್ಟೆ ಕರಗಿ ಅಂಗಿ ಜೋಲಾಡತೊಡಗಿತು. ಇನ್ನೊಂದು ಬದಲಾವಣೆ ನಾನು ತಡವಾಗಿ ಗಮನಿಸಿದೆ. ಹಣೆಯಲ್ಲಿ ದಿನಾ ಗಂಧ ಕಾಣಿಸುತ್ತಿತ್ತು.

"ಏನ್ರೀ, ಕೊರಡು ಮುಗಿದರೆ?" ಎಂದು ಕೆಣಕಿದೆ.

"ಮುಗೀಲಿ ರಾಯ್ರೇ. ಇಟ್ಕೊಂಡು ಎಂತ ಮಾಡುದು?"

ಮೊಣಕಾಲು ನೋಯುವ ಗಿರಾಕಿಗಳಿಗೆಲ್ಲ ಅವರೇ ವೈದ್ಯರಾದರು. ಊಟ ಬರುವುದರೊಳಗೆ ಮೇಜಿನ ಕೆಳಗೆ ಕಾಲು ಚಾಚಿಸಿ, ಕೇಶವಾ, ನಾರಾಯಣಾ ಎಂದು ಹೇಳಿಸುತ್ತಿದ್ದರು. ಹೀಗೆ ಚಾಚಿದ ಒಂದು ಕಾಲಿಗೆ ಎಡವಿ ನಾನೊಮ್ಮೆ ಬಿದ್ದದ್ದೂ ಉಂಟು. ಯಾರಾದರೂ ಕೋಲು ತಪ್ಪು ಕೈಯಲ್ಲಿ ಹಿಡಿದು ಬಂದರೆ ಬಾಗಿಲಲ್ಲೇ ತಡೆದು ಬದಲಾಯಿಸಿ ಒಳಗೆ ಬಿಡುತ್ತಿದ್ದರು.

ನನಗೆ ಮದುವೆಯಾಯಿತು, ಮನೆಯ ಊಟ ಶುರುವಾಯಿತು, ಹೋಟೆಲಿಗೆ ಹೋಗುವುದು ಕಡಿಮೆಯಾಯಿತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಭಟ್ಟರು ಎದ್ದೇಳಲಿಲ್ಲವೆಂದು ಯಜಮಾನರು ಹೇಳಿಕಳಿಸಿದರು. ಎದೆ ನಿಂತುಹೋಗಿತ್ತು, ಕಾಲು ನಿಂತಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನವೂ ಎಲ್ಲರಿಗೂ ತುಪ್ಪ ಬಡಿಸಿದ್ದರಂತೆ. ಅವರ ಟ್ರಂಕಿನಲ್ಲಿ ಆ ಕೊರಡು ಉಗುರಿನಷ್ಟು ಉಳಿದಿತ್ತು.

ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯಿಂದ ನಮ್ಮನ್ನು ವ್ಯಾಯಾಮದ ಕೋಣೆಗೆ ಕಳಿಸಿದರು. ಅಲ್ಲಿದ್ದ ಹುಡುಗಿ ನನ್ನ ಬಲಗೈಯಲ್ಲಿದ್ದ ಕೋಲನ್ನು ನೋಡಿ, "ತಾತಾ, ಸ್ಟಿಕ್ಕು ಅಂದ ಕೈಯಿಲ ಇಲ್ಲ," ಎಂದು ಕಿತ್ತುಕೊಂಡು ಎಡಗೈಗೆ ಕೊಟ್ಟಳು. ಯಾವತ್ತಿನಿಂದಲೋ ಗೊತ್ತಿದ್ದದ್ದು, ಸ್ವಂತ ಕಾಲಿಗೆ ಬಂದಾಗ ಮರೆತೇ ಹೋಗಿತ್ತು. ಭಟ್ಟರು ಕಂಡಿದ್ದರೆ ಬಾಗಿಲಲ್ಲೇ ಮಾನ ತೆಗೆಯುತ್ತಿದ್ದರು.

ಮನೆಗೆ ಬಂದೆವು. ಮೊಮ್ಮಗಳು ಊಟಕ್ಕೆ ಕೂತು, ನಕ್ಕದ್ದೇಕೆ ಹೇಳು ಎಂದು ತನ್ನ ತಮಿಳಿನಲ್ಲೇ ಮತ್ತೆ ಪೀಡಿಸಿದಳು. ನಾನು ಎಡಗೈಯಲ್ಲಿ ಕೋಲೂರಿ ಎದ್ದು, ಬಲಗೈಯಲ್ಲಿ ತುಪ್ಪದ ಮಿಳ್ಳೆ ತೆಗೆದುಕೊಂಡು ಅವಳ ಹತ್ತಿರ ಹೋದೆ. ಅನ್ನದ ಮೇಲೆ ಬಗ್ಗಿಸಿದೆ. ಅವಳು ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕು ತಾತಾ, ಸಾಕು!" ಎಂದು ಕೂಗಿದಳು. ಕನ್ನಡದಲ್ಲೇ ಕೂಗಿದಳು.

ನಾನು ಮುಖ ನೋಡಲಿಲ್ಲ. ತಟ್ಟೆ ನೋಡಿದೆ. ಅವಳ ಕೈ ಸರಿಸಿ ಇನ್ನೊಂದು ಧಾರೆ ಬಿಟ್ಟೆ.